ರಂಗೋಲಿಯ ಮೇಲಿನ ಕೊಳವೆ

ಎಂಬತ್ತರ ದಶಕದ ಕೊನೆಯಲ್ಲಿ ನಾವು ಪರದೇಶದಲ್ಲಿ, ನ್ಗಾರಾ ಎಂಬ ಬಡಾವಣೆಯ ಹಳೆಯ ಬಾಡಿಗೆ ಮನೆಯಲ್ಲಿದ್ದೆವು. ಗೀಸರ್ ಮತ್ತು ಅದಕ್ಕೆ ನೀರು ಬಿಡುವ ತೊಟ್ಟಿ ಎರಡೂ ಸೀಲಿಂಗಿನ ಮೇಲಿದ್ದವು. ಒಂದು ಭಾನುವಾರ ಎದ್ದು ನೋಡಿದರೆ, ಮಕ್ಕಳ ಮಂಚದ ಮೇಲಿನ ಸೀಲಿಂಗ್ ಹಲಗೆ ನೀರು ಕುಡಿದು ಜೋತುಬಿದ್ದಿತ್ತು. ರಿಪೇರಿಗೆ ಬಂದ ಫುಂಡಿ, ಅಂದರೆ ಅಲ್ಲಿನವರ ಮಾತಲ್ಲಿ ಮೇಸ್ತ್ರಿ, ಕೆಳಗೆ ನಿಂತೇ, "ಗೀಸರ್ ತೂತಾಗಿದೆ ಬ್ವಾನಾ, ಹೊಸದು ತನ್ನಿ" ಎಂದ. ನೋಡದೆ ಸರಕು ಕೊಂಡವನಲ್ಲ ನಾನು. ಅವನಿಗೆ ಚಹಾ ಕುಡಿಸಿ ಕಳಿಸಿ, ವಾರವಿಡೀ ನನ್ನ ಅಂಗಡಿಯಲ್ಲಿ ನಿಂತು ನೋಯುತ್ತಿದ್ದ ಕಾಲಲ್ಲೇ ಏಣಿ ಹತ್ತಿದೆ.

ಗೀಸರ್ ಒಣಗಿಯೇ ಇತ್ತು. ತೊಟ್ಟಿ ಮಾತ್ರ ತುಂಬಿ ಅಂಚಿನಿಂದ ಸುರಿಯುತ್ತಿತ್ತು. ಹೆಚ್ಚಾದ ನೀರು ಹೊರಹೋಗುವ ಕೊಳವೆ ಮುಂಬಾಗಿಲ ಮೇಲೆ ಗೋಡೆಯಿಂದಾಚೆ ಚಾಚಿತ್ತು. ಇಳಿದು ಹೊರಗೆ ಹೋಗಿ ನೋಡಿದರೆ ಅದರ ಬಾಯಿಗೆ ಯಾರೋ ತೆಂಗಿನ ನಾರು ತುರುಕಿದ್ದರು.

"ಯಾರೇ ಇದನ್ನ ಮುಚ್ಚಿದ್ದು?"

"ನಾನೇ ರೀ," ಎಂದಳು ಹೆಂಡತಿ. "ದಿನಾ ಹಾಕಿದ ರಂಗೋಲಿ ಮೇಲೆ ತೊಟ್ಟಿಕ್ತಿತ್ತು. ನಿಮಗೆ ಹೇಳಿ ಹೇಳಿ ಸಾಕಾಯ್ತು. ಗಿರಾಕಿ ಹೇಳಿದ್ರೆ ಮಾತ್ರ ನಿಮ್ಮ ಕಿವಿ ಕೇಳ್ಸತ್ತೆ!"

ನಾರು ಕಿತ್ತು, ಮತ್ತೆ ಮೇಲೆ ಹತ್ತಿ, ತೊಟ್ಟಿಗೆ ನೀರು ಬರುವ ವಾಲ್ವಿನಲ್ಲಿ ಸವೆದಿದ್ದ ವಾಷರ್ ಬದಲಾಯಿಸಿದೆ. ತೊಟ್ಟಿ ತುಂಬಿದ ಮೇಲೆ ನೀರು ತಾನೇ ನಿಂತಿತು. ನಿಮ್ಮ ಮನೆಯಲ್ಲೂ ಹೊರಗಿನ ಕೊಳವೆ ತೊಟ್ಟಿಕ್ಕಿದರೆ ಮುಚ್ಚಬೇಡಿ, ಮೊದಲು ಆ ವಾಷರ್ ನೋಡಿ. ಹೊಸ ಗೀಸರ್ ಆಮೇಲೆ.

ಹಲಗೆ ಒಣಗುವವರೆಗೆ ಮಕ್ಕಳು ನಮ್ಮ ಮಂಚದಲ್ಲಿ ಮಲಗಿದರು. ನನಗೆ ಸಿಕ್ಕಿದ್ದು ಸೋಫಾ. ಅದರ ಮೇಲೂ ಒಳ್ಳೆಯ ನಿದ್ದೆ ಬಂತು.