ಈಜುಕೊಳಕ್ಕೆ ಸೂರು ಹಾಕಿದ ಇನಾಕ್ ಮುಲ್ಹಾನ್

ನನ್ನ ಕುದುರೆ ನೀರಿನ ಬಾನಿಗೆ ಮೂತಿ ಇಟ್ಟು, ಮೂಸಿ, ಕುಡಿಯದೆ ತಲೆ ಒದರಿದ ದಿನ ನಾನು ಮೊದಲು ಓಡಿದ್ದು ಪಕ್ಕದ ಮನೆಯ ಇನಾಕ್ ಮುಲ್ಹಾನ್ ಹತ್ತಿರ. ನಮ್ಮ ಗಿಲಿ ತರುಮ್ ದ್ವೀಪದಲ್ಲಿ ಮೋಟಾರು ಗಾಡಿಗಳಿಲ್ಲ. ದೋಣಿಯಿಂದ ಇಳಿದ ಪ್ರವಾಸಿಗಳನ್ನು ಅವರವರ ಕೋಣೆಗೆ ಮುಟ್ಟಿಸುವುದು ನಮ್ಮಂಥ ಕುದುರೆಗಾಡಿಯವರ ಕೆಲಸ. ಕುದುರೆ ಮಲಗಿದರೆ ನಮ್ಮ ಒಲೆಯೂ ಮಲಗಿದ ಹಾಗೆ.

ಆಕೆ ಬಾನಿಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ಸಹಾರ್, ಇದನ್ನ ಎಲ್ಲಿಂದ ಸೇದಿದೆ?"

"ನಮ್ಮ ಬಾವೀದೇ ಅಕ್ಕಾ. ಇನ್ನೆಲ್ಲಿಂದ?"

"ಇದರಲ್ಲಿ ಮೀನು ಬೇಯಿಸಿದ್ರೆ ಉಪ್ಪೇ ಹಾಕ್ಬೇಕಾಗಿಲ್ಲ ಕಣೋ," ಎಂದು ನಕ್ಕಳು. ಆಮೇಲೆ ನಗು ನಿಂತಿತು. ಒಳಗೆ ಹೋಗಿ ತನ್ನ ನಲ್ಲಿಯ ನೀರನ್ನೂ ರುಚಿ ನೋಡಿದಳು. ಆಚೆಯ ದೊಡ್ಡ ದ್ವೀಪ ಲೊಂಬೊಕ್‌ನಿಂದ ದೋಣಿಯಲ್ಲಿ ತರಿಸಿದ್ದ ಕುಡಿಯುವ ನೀರಿನ ಕ್ಯಾನೊಂದನ್ನು ಎತ್ತಿ ತಂದು ನನ್ನ ಕುದುರೆಯ ಬಾನಿಗೆ ಸುರಿದಳು.

ಇನಾಕ್ ಎಂದರೆ ತಾಯಿ. ಚೊಚ್ಚಲು ಮಗ ಮುಲ್ಹಾನ್ ಹುಟ್ಟಿದಂದಿನಿಂದ ಆಕೆಯ ಸ್ವಂತ ಹೆಸರನ್ನು ಊರು ಮರೆತಿದೆ. ಆಕೆಯ ಗಂಡನೂ ಅಮಾಕ್ ಮುಲ್ಹಾನ್, ಅಂದರೆ ಮುಲ್ಹಾನನ ಅಪ್ಪ, ಆಗಿಬಿಟ್ಟ. ಮದುವೆಯಾದ ಹೊಸದರಲ್ಲಿ ಆಕೆ ದೋಣಿಕಟ್ಟೆಯ ಬಳಿ ಬಾಳೆಹಣ್ಣಿನ ಬೋಂಡ ಕರಿದು ಮಾರುತ್ತಿದ್ದಳು. ಗಂಡ ಮೀನಿಗೆ ಹೋಗುತ್ತಿದ್ದ. ಬೆನ್ನಿಗೆ ಚೀಲ ಹೊತ್ತ ಪ್ರವಾಸಿಗಳು ಬರತೊಡಗಿದಾಗ ಇಬ್ಬರೂ ಸೇರಿ ಹಿತ್ತಲಲ್ಲಿ ಬಿದಿರಿನ ಎರಡು ಕೋಣೆ ಎಬ್ಬಿಸಿದರು. ಎರಡು ನಾಲ್ಕಾಯಿತು, ಆರಾಯಿತು. ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈಜುಕೊಳ ಇಲ್ವಾ?" ಸಮುದ್ರ ಕಾಲಡಿಗೇ ಇದ್ದರೂ ಅವರಿಗೆ ಕೊಳ ಬೇಕು. ಕೊನೆಗೆ ಒಂದು ಕೊಳ ತೋಡಿಸಿದರು. ನೀಲಿ ಟೈಲ್ಸನ್ನು ಅಮಾಕ್ ಮುಲ್ಹಾನ್ ಒಂದೊಂದಾಗಿ ತಾನೇ ಕೂರಿಸಿದ. ನೀರು ತುಂಬಿದ ದಿನ ಲುಂಗಿ ಎತ್ತಿ ಕಟ್ಟಿ ಎಲ್ಲರಿಗಿಂತ ಮೊದಲು ಧುಮುಕಿದವನೂ ಅವನೇ. ನಾವೆಲ್ಲ ದಂಡೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದೆವು.

ಆದರೆ ದ್ವೀಪದ ನೆಲದಡಿ ಸಿಹಿನೀರು ಇರುವುದು ತೆಳ್ಳಗೆ, ಸಮುದ್ರದ ನೀರಿನ ಮೇಲೆ ಕೆನೆಗಟ್ಟಿದ ಹಾಗೆ. ಹಗ್ಗ ಬಿಟ್ಟು ಕೊಡ ಎಳೆಯುತ್ತಿದ್ದ ಕಾಲಕ್ಕೆ ಆ ಕೆನೆ ಸಾಕಾಗಿತ್ತು. ಈಗ ಕೋಣೆಗೊಂದು ಶವರ್, ಹೋಟೆಲಿಗೊಂದು ಕೊಳ, ಎಲ್ಲಕ್ಕೂ ಕೊಳವೆಬಾವಿ, ಪಂಪು. ಮೇಲಿನ ಸಿಹಿ ಮುಗಿದಂತೆ ಕೆಳಗಿನ ಉಪ್ಪು ಏರಿ ಬಂತು. ಆ ವರ್ಷ ಬೇಸಗೆಯ ಗಾಳಿಯೂ ಜೋರಾಗಿ, ಲೊಂಬೊಕ್‌ನಿಂದ ನೀರು ತರುವ ದೋಣಿ ಅಲೆಗೆ ಹೆದರಿ ಆಚೆ ದಡದಲ್ಲೇ ನಿಂತುಬಿಟ್ಟಿತು. ಮಸೀದಿಯಲ್ಲಿ ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸಿದವರೆಲ್ಲ ಮುಖ ಕಿವುಚುತ್ತಿದ್ದರು.

ಊರಿನ ಮುಖ್ಯಸ್ಥ ಪಾಕ್ ಹಸ್ಬುಲ್ ಸಭೆ ಕರೆದ. ಮಸೀದಿ ಪಕ್ಕದ ಬೆರುಗಾಕ್ ಕಟ್ಟೆಯ ಹುಲ್ಲುಸೂರಿನಡಿ ಒಂದು ಕಡೆ ಹೋಟೆಲಿನವರು, ಇನ್ನೊಂದು ಕಡೆ ಮೀನುಗಾರರು ಮತ್ತು ಗಾಡಿಯವರು ಕುಳಿತೆವು. ಪಡುವಣ ದಂಡೆಯ ದೊಡ್ಡ ಹೋಟೆಲಿನ ಮೇನೇಜರು ಎದ್ದು, "ನಮ್ಮ ಪಂಪಿಗೆ ಪರವಾನಗಿ ಇದೆ," ಎಂದ.

"ಹಾಗಾದ್ರೆ ಆ ಪರವಾನಗೀನೇ ಕುಡೀರಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಇನಾಕ್ ಮುಲ್ಹಾನಳ ತಮ್ಮ ಸಾಪ್ರಿಯೂ ಅಲ್ಲಿದ್ದ. ತಾಯಿಯ ತೆಂಗಿನ ತೋಟ ಅವನ ಪಾಲಿಗೆ ಬಂದಿತ್ತು. ಅಲ್ಲಿ ಸಾಲಾಗಿ ಬಂಗಲೆ ಕಟ್ಟಿಸಿ ಊರಿನಲ್ಲೇ ಅನುಕೂಲಸ್ಥನಾಗಿದ್ದ. ಅವನು ನಯವಾಗಿ ಹೇಳಿದ, "ಎಲ್ರೂ ಪಂಪು ನಿಲ್ಲಿಸ್ಲಿ, ನಾನೂ ನಿಲ್ಲಿಸ್ತೀನಿ." ಆಮೇಲೆ ಎದ್ದವರೆಲ್ಲ ಅದೇ ಮಾತು ಹೇಳಿ ಕೂತರು. ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದೆವು.

ಇನಾಕ್ ಮುಲ್ಹಾನ್ ಹೆಂಗಸರ ಗುಂಪಿನಿಂದ ಎದ್ದಳು. "ಹೀಗೆ ಕೂತ್ರೆ ಎಲ್ರೂ ಒಟ್ಟಿಗೆ ಉಪ್ಪಿನಕಾಯಿ ಆಗ್ತೀವಿ. ನಾಳೆಯಿಂದ ನನ್ನ ಪಂಪು ಬಂದ್."

"ಕೊಳಕ್ಕೆ ಏನ್ ತುಂಬ್ತೀಯಾ ಅಕ್ಕಾ? ತೆಂಗಿನಹಾಲಾ?" ಎಂದು ಯಾರೋ ಕೆಣಕಿದರು, ಸಭೆ ನಕ್ಕಿತು.

"ಏನೂ ತುಂಬಲ್ಲ."

ಮನೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಬೇಲಿಯ ಈಚೆ ನನಗೆ ಎಲ್ಲ ಕೇಳುತ್ತಿತ್ತು. "ಮಂಡಿ ಊರಿ ಟೈಲ್ಸ್ ಕೂರಿಸಿದ್ದು ನಾನು! ಒಂದು ಮಾತು ಕೇಳೋಕಾಗ್ಲಿಲ್ವಾ ನಿಂಗೆ?" ಎಂದು ಗಂಡ ಕೂಗಾಡಿದ. ಅದರಲ್ಲಿ ನ್ಯಾಯವಿತ್ತು, ಆಕೆ ನಿಜಕ್ಕೂ ಕೇಳಿರಲಿಲ್ಲ. ಎದ್ದು ನಿಲ್ಲುವ ತನಕ ತನಗೇ ಗೊತ್ತಿರಲಿಲ್ಲ ಎಂದು ಆಮೇಲೆ ನನ್ನ ಹೆಂಡತಿಯ ಮುಂದೆ ಹೇಳಿಕೊಂಡಳಂತೆ. ಅಮಾಕ್ ಮುಲ್ಹಾನ್ ಹೆಂಡತಿಗೆ ಬೆನ್ನು ತಿರುಗಿಸಿ ಕೂತು ಉಣ್ಣತೊಡಗಿದ. ಪ್ರವಾಸಿಗಳಿಗೆ ಕೈಯಿಂದ ಸೇದಿದ ಲೆಕ್ಕದ ಬಕೆಟ್ ನೀರು ಎಂದಾಯಿತು. ಕೆಲವರು ಗೊಣಗಿ ಬೇರೆ ಕಡೆ ಹೋದರು, ಅವರನ್ನು ಸಾಗಿಸಿದ್ದೂ ನನ್ನ ಗಾಡಿಯೇ. ಬರಿದಾದ ಕೊಳದಲ್ಲಿ ಒಣಗಿದ ಎಲೆಗಳು ಸುತ್ತುತ್ತಿದ್ದವು. ಬೆಳಿಗ್ಗೆ ಬೆಳಿಗ್ಗೆ ಆಕೆ ಅದರ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ತಪ್ಪು ಮಾಡಿಬಿಟ್ಟೆನೇ ಎಂಬ ಅಳುಕು ಆ ಮುಖದಲ್ಲಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಒಂದು ಅಡ್ಡಮಳೆ ಹೊಡೆದು ಹೋಯಿತು. ಮಳೆ ನಿಂತ ಮೇಲೆ ನೋಡಿದರೆ ಅವರ ಕೋಳಿಗಳು ಸಾಲಾಗಿ ಕೊಳದ ಮೆಟ್ಟಿಲಿಳಿದು ತಳದಲ್ಲಿ ನಿಂತ ನೀರು ಕುಡಿಯುತ್ತಿವೆ. ಅಮಾಕ್ ಮುಲ್ಹಾನ್ ಸ್ವಲ್ಪ ಹೊತ್ತು ನೋಡಿದ. ತಾನೂ ಇಳಿದು ಒಂದು ಬೊಗಸೆ ಕುಡಿದ. ಆಮೇಲೆ, ಹೆಂಡತಿಗಲ್ಲ, ಕೋಳಿಗಳಿಗೆ ಹೇಳುವವನ ಹಾಗೆ ಅಂದ, "ಇದಕ್ಕೊಂದು ಸೂರು ಹಾಕಿದ್ರೆ ಎಲೆ ಬೀಳಲ್ಲ. ಆರೂ ಕೋಣೆಯ ಮಾಡಿನ ಮಳೆನೀರನ್ನ ಇದಕ್ಕೇ ತಿರುಗಿಸ್ಬಹುದು."

ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಕೈ ಒರೆಸಿಕೊಂಡು, "ಅಂತೂ ಮಾತಾಡಿದ್ರಲ್ಲಾ," ಎಂದಳು.

ಇಬ್ಬರೂ ಬಿದಿರು ಕಡಿದರು, ಹುಲ್ಲು ಹೊದಿಸಿದರು, ಮಾಡಿನಿಂದ ಮಾಡಿಗೆ ಮಳೆನೀರು ಹರಿಯುವ ಬಿದಿರಿನ ದೋಣಿ ಕಟ್ಟಿ ಕೊಳವೆ ಇಳಿಸಿದರು. ನಾನೂ ಮರಳು, ಸಿಮೆಂಟು ಸಾಗಿಸಿ ಕೊಟ್ಟೆ. ಈಜುಕೊಳಕ್ಕೆ ಕೊಟ್ಟಿಗೆ ಕಟ್ಟಿದ್ದಾರೆಂದು ಊರು ಆಡಿಕೊಂಡಿತು. ಮಳೆಗಾಲ ಬಂತು. ಮೊದಲ ಮಳೆಗಳ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ತುಂಬಿಸಿ, ಸೊಳ್ಳೆಮರಿ ತಿನ್ನಲು ಪುಟ್ಟ ಮೀನು ಬಿಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಕೊಳ ಅಂಚಿನವರೆಗೆ ತುಂಬಿತ್ತು. ಆಡಿಕೊಂಡವರಲ್ಲೇ ಮೂರು ನಾಲ್ಕು ಮನೆಯವರು ಅಮಾಕ್ ಮುಲ್ಹಾನನನ್ನು ಕರೆದು ತಮ್ಮ ಮಾಡು ತೋರಿಸಿದರು.

ಮುಂದಿನ ಸಭೆಯಲ್ಲಿ ಊರು ಕಟ್ಟಳೆ ಮಾಡಿತು: ಪಂಪು ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ, ನಡುವೆ ಮುಟ್ಟುವಂತಿಲ್ಲ, ಮೀರಿದವರು ಬೇಸಗೆ ಮುಗಿಯುವ ತನಕ ಸ್ವಂತ ದೋಣಿಯಲ್ಲಿ ಲೊಂಬೊಕ್‌ನಿಂದ ಮಸೀದಿಗೆ ನೀರು ತರಬೇಕು. ನೋಡಿಕೊಳ್ಳುವ ಹೊಣೆ ಇನಾಕ್ ಮುಲ್ಹಾನಳ ತಲೆಗೇ ಬಂತು. ಆಕೆ ಬೇಡವೆಂದಳು. "ನೀನೇ ಶುರು ಮಾಡಿದ್ದು, ನೀನೇ ಅನುಭವಿಸು," ಎಂದು ಪಾಕ್ ಹಸ್ಬುಲ್ ನಕ್ಕ.

ಬೇಸಗೆ ಕಾವೇರಿದಾಗ ನಾನು ಜಕಾರ್ತದಿಂದ ಬಂದ ಮದುವೆ ದಿಬ್ಬಣವೊಂದನ್ನು ಸಾಪ್ರಿಯ ಬಂಗಲೆಗಳಿಗೆ ಇಳಿಸಿ ಬಂದೆ. ನಡು ಮಧ್ಯಾಹ್ನ. ಅಡುಗೆಮನೆಯ ಹಿಂದೆ ಪಂಪು ಗುರುಗುಡುತ್ತಿತ್ತು. ಬಂದು ಇನಾಕ್ ಮುಲ್ಹಾನಳಿಗೆ ಹೇಳಿದೆ. ಒಡಹುಟ್ಟಿದವನ ಮೇಲಿನ ದೂರು.

ಆಕೆ ಹಗ್ಗ, ಬಕೆಟ್ ತೆಗೆದುಕೊಂಡು ನನ್ನ ಗಾಡಿ ಹತ್ತಿದಳು. "ನಡಿ."

ಸಾಪ್ರಿ ಓಡಿ ಬಂದ. "ಬಾ ಅಕ್ಕಾ, ಕಾಫಿ ಕುಡಿ."

"ಪಂಪು ನಿಲ್ಸು, ಕುಡೀತೀನಿ."

"ಇದೊಂದು ಮದುವೆ ಮುಗೀಲಿ ಅಕ್ಕಾ."

"ಆಮೇಲೆ ಇನ್ನೊಂದು ಮದುವೆ ಬರುತ್ತೆ."

"ಊರೋರೆಲ್ಲ ಕದ್ದು ಓಡಿಸ್ತಾರೆ. ನಿಂಗೆ ನಾನೇ ಸಿಕ್ಕಿದ್ನಾ?"

ಆಕೆ ಅಡುಗೆಮನೆಯ ಹಿಂದಕ್ಕೆ ನಡೆದಳು. ಅಲ್ಲಿ ಅವರ ತಾಯಿಯ ಬಾವಿ ಇತ್ತು. ಹಲಗೆ ಮುಚ್ಚಿ ಮೇಲೆ ಹೂಕುಂಡ ಜೋಡಿಸಿದ್ದರಿಂದ ಅದು ಬಾವಿ ಎಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಕುಂಡಗಳನ್ನು ಒಂದೊಂದಾಗಿ ಎತ್ತಿಟ್ಟಳು. ನಾನು ಹಲಗೆ ಸರಿಸಿದೆ. ಆಕೆ ಬಕೆಟ್ ಇಳಿಬಿಟ್ಟು ಸೇದಿ, ಒಂದು ಲೋಟ ತುಂಬಿಸಿ ತಮ್ಮನ ಮುಂದೆ ಹಿಡಿದಳು.

"ಉಪ್ಪಿದೆ ಅಂತ ನಂಗೊತ್ತು ಅಕ್ಕಾ."

"ಗೊತ್ತಿದ್ರೆ ಕುಡಿ."

ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ನುಂಗಲಾಗಲಿಲ್ಲ, ಉಗಿದುಬಿಟ್ಟ. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತುಕೊಂಡ. ಬಾಟಲಿ ನೀರು ಕುಡಿಯುವವನಿಗೆ ಈ ಬಾವಿಯ ರುಚಿ ಮರೆತೇ ಹೋಗಿತ್ತು. ಅವರ ಅಮ್ಮನ ಕಾಲದಲ್ಲಿ ದೂರದ ದೋಣಿಯವರೂ ಕೇಳಿಕೊಂಡು ಬಂದು ಒಯ್ಯುತ್ತಿದ್ದ ನೀರು ಅದು.

"ದೋಣಿಯೋರಿಗೆ ಕೊಡ ಎತ್ತಿ ಕೊಡುವಾಗ ಅಮ್ಮನ ಠೀವಿ ನೋಡ್ಬೇಕಿತ್ತು," ಎಂದ. "ರಾಣಿ ದಾನ ಮಾಡ್ದಂಗೆ."

"ಹ್ಞೂ."

"ಈಗ ಪಂಪು ನಿಲ್ಲಿಸಿದ್ರೆ ಬಂಗಲೆ ತುಂಬಾ ಮದುವೆ ನೆಂಟರು, ಅವ್ರಿಗೆ ಏನ್ ಹೇಳ್ಲಿ? ನಿಂಗೆ ಆರೇ ಕೋಣೆ. ನನ್ನ ಕಷ್ಟ ನಿಂಗೆ ಅರ್ಥ ಆಗಲ್ಲ ಅಕ್ಕಾ."

ಆಕೆ ಜಗಳಕ್ಕೆ ಬಂದವಳು, ಈಗ ಅವನ ಪಕ್ಕದಲ್ಲೇ ಕೂತಳು. "ಅಡುಗೆಗೆ, ಸ್ನಾನಕ್ಕೆ ನನ್ನ ಕೊಳದಿಂದ ತಗೊಂಡ್ ಹೋಗು. ಬಕೆಟ್ ಸ್ನಾನ ಅಂತ ಹೇಳು, ಹೆದರ್ಬೇಡ. ಆದ್ರೆ ಮಸೀದಿಗೆ ನೀರು ತರೋ ದಂಡ ಬಿಡಲ್ಲ."

"ತಮ್ಮ ಅಂತಾನೂ ಬಿಡಲ್ವಾ?"

"ತಮ್ಮ ಅಂತಾನೇ ಬಿಡಲ್ಲ."

ಸಾಪ್ರಿ ಎದ್ದು ಹೋಗಿ ಪಂಪು ನಿಲ್ಲಿಸಿದ.

ನಾವು ಗಾಡಿಯವರು ಕ್ಯಾನುಗಳಲ್ಲಿ ನೀರು ಹೊತ್ತೆವು. ಹೊತ್ತಷ್ಟೂ ಕೊಳ ಇಳಿಯುತ್ತಿತ್ತು, ಮಳೆ ಇನ್ನೂ ದೂರವಿತ್ತು. ಮೀನು ಮಾರುವ ಇನಾಕ್ ಸೈಮಾ ದಾರಿಯಲ್ಲೇ ನಿಂತು ಆಡಿದಳು, "ತಮ್ಮನಿಗಾದ್ರೆ ಕೊಳಾನೇ ಧಾರೆ, ನಮಗಾದ್ರೆ ಬರೀ ಕಟ್ಟಳೆ!"

"ನನ್ನ ಮಾಡಿನ ಮಳೆ ಕಣೇ. ನಿಂಗೂ ಬೇಕಾದ್ರೆ ಬಿಂದಿಗೆ ತಾ."

ಇನಾಕ್ ಸೈಮಾ ಬಿಂದಿಗೆಯನ್ನಷ್ಟೇ ಅಲ್ಲ, ಮೂವರು ಹೆಣ್ಣುಮಕ್ಕಳನ್ನೂ ಅವರ ಬಿಂದಿಗೆಗಳನ್ನೂ ಕರೆದುಕೊಂಡು ಬಂದಳು. ಇನಾಕ್ ಮುಲ್ಹಾನ್ ತುಟಿ ಕಚ್ಚಿಕೊಂಡು ನಾಲ್ಕನ್ನೂ ತುಂಬಿಸಿ ಕೊಟ್ಟಳು. ಆ ಬೇಸಗೆಯ ಕೊನೆಗೆ ಅವಳದೇ ಮೂರು ಕೋಣೆಗಳಿಗೆ ಬೀಗ ಬಿತ್ತು, ಕೊಟ್ಟು ಉಳಿದ ನೀರು ಇನ್ನು ಮೂರಕ್ಕಷ್ಟೇ ಸಾಲುತ್ತಿತ್ತು. ಗಂಡ ಈ ಸಲ ಕೂಗಾಡಲಿಲ್ಲ. ಬೆಳಿಗ್ಗೆ ಎದ್ದವನೇ ಆಕಾಶ ನೋಡುವುದು, ಮಾಡಿನ ದೋಣಿಗಳ ಕಸ ತೆಗೆಯುವುದು, ಇದೇ ಕೆಲಸವಾಯಿತು ಅವನಿಗೆ.

ಮದುವೆ ಮಾತ್ರ ಚೆನ್ನಾಗಿ ನಡೆಯಿತು. ಬಕೆಟ್ ಸ್ನಾನದ ಸುದ್ದಿಯನ್ನು ಸಾಪ್ರಿ ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ಹೇಳಿದ. ಮದುಮಗಳು, "ನಮ್ಮಜ್ಜಿ ಮನೇಲೂ ಹೀಗೇ," ಎಂದು ನಕ್ಕು ಚೊಂಬು ಎತ್ತಿಕೊಂಡಳು. ಆಮೇಲೆ ಯಾರು ಗೊಣಗುತ್ತಾರೆ? ಬೇಸಗೆ ಮುಗಿಯುವ ತನಕ ಸಾಪ್ರಿಯ ದೋಣಿ ಮಸೀದಿಗೆ ನೀರು ತಂದಿತು. ಚುಕ್ಕಾಣಿ ಅವನೇ ಹಿಡಿಯುತ್ತಿದ್ದ. ಅದನ್ನು ನೋಡಿದ ಮೇಲೆ ನಡು ಮಧ್ಯಾಹ್ನದ ಪಂಪುಗಳು ಒಂದೊಂದಾಗಿ ಸದ್ದಡಗಿದವು.

ಮಳೆ ತಡವಾಗಿ ಬಂದರೂ ಕೈಬಿಡಲಿಲ್ಲ. ಸಾಪ್ರಿ ತನ್ನ ಕೊಳಕ್ಕೆ ಸಮುದ್ರದ ನೀರನ್ನೇ ತುಂಬಿಸಿದ, ಬಂಗಲೆಗಳ ಮಾಡಿನ ಕೆಳಗೆ ತೊಟ್ಟಿ ಕಟ್ಟಿಸಿದ. ತಾಯಿಯ ಬಾವಿಗೆ ಹೊಸ ರಾಟೆ ಬಂತು. ಮುಂದಿನ ರಮಜಾನಿನಲ್ಲಿ ಮಸೀದಿಯ ಬಾವಿ ನೀರಿನಲ್ಲಿ ಅನ್ನ ಮಾಡಿದವರು ಉಪ್ಪು ಸಾಲದೆ ಮತ್ತೆ ಹಾಕಬೇಕಾಯಿತೆಂದು ಖುಷಿಯಿಂದ ದೂರಿದರು. ನನ್ನ ಬಾವಿ ಪೂರ್ತಿ ಸರಿಹೋಗಿಲ್ಲ. ಅರ್ಧ ಮಳೆನೀರು ಬೆರೆಸಿದರೆ ಕುದುರೆ ಕುಡಿಯುತ್ತದೆ. ಪಡುವಣ ದಂಡೆಯ ಬಾವಿಗಳು ಇನ್ನೂ ಉಪ್ಪೇ, ಅಲ್ಲಿಯ ಹೋಟೆಲಿನ ಜೊತೆ ಇನಾಕ್ ಮುಲ್ಹಾನಳ ಜಗಳವೂ ಇನ್ನೂ ಇದೆ. ಮೊನ್ನೆ ಆ ಮೇನೇಜರು ಬಟ್ಟೆ ಒಗೆದ ನೀರನ್ನು ತೋಟಕ್ಕೆ ತಿರುಗಿಸಲು ಒಪ್ಪಿದನಂತೆ. ಒಪ್ಪಿದ್ದು ಸಂತೋಷ, ತಿರುಗಿಸಲಿ ನೋಡೋಣ ಎಂದಳು ಆಕೆ.

ಈಗ ಯಾರು ಹೊಸದಾಗಿ ಕೋಣೆ ಕಟ್ಟುವುದಿದ್ದರೂ ಮೊದಲು ಅವಳ ಅಂಗಳಕ್ಕೆ ಬರುತ್ತಾರೆ. ಕಳೆದ ತಿಂಗಳು ದೋಣಿಕಟ್ಟೆಯ ಬಳಿ ಜಾಗ ಕೊಂಡ ಹೊಸ ಗಂಡಹೆಂಡಿರು ಬಂದಿದ್ದರು. ತೊಟ್ಟಿ ಎಲ್ಲಿ, ಮಾಡು ಯಾವ ಕಡೆ ಇಳಿಜಾರು ಎಂದೆಲ್ಲ ಆಕೆ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದಳು. ಹುಡುಗ ಸಂಕೋಚದಿಂದ ಕೇಳಿದ, "ಇನಾಕ್, ಈಜುಕೊಳ ಒಂದು ಬೇಡ್ವಾ?"

"ತೋಡಪ್ಪಾ, ಯಾರು ಬೇಡ ಅಂದ್ರು? ತೋಡಿ ಸೂರು ಹಾಕು."

ಅವರು ತೋಡಿದ್ದು ತೊಟ್ಟಿಯನ್ನೇ. ಈ ವಾರ ಅದರ ತಳಕ್ಕೆ ಗಾರೆ ಬಿತ್ತು. ಮರಳು ಹೊತ್ತವನು ನಾನು, ಬದಿಗೆ ನಿಂತು ಗಾರೆ ನಯವಾಗಿಲ್ಲವೆಂದು ಬೈದವನು ಅಮಾಕ್ ಮುಲ್ಹಾನ್.