ಹಸಿ ಬರ್ಲಿನರ್

ಕುವೈತ್ ಸಿಟಿಯ ಸಮುದ್ರದಂಚಿನ ಒಂದು ದೊಡ್ಡ ಹೋಟೆಲಿನ ಪೇಸ್ಟ್ರಿ ವಿಭಾಗದಲ್ಲಿ ನಾನು ಹದಿನೆಂಟು ವರ್ಷ ಹಿಟ್ಟು ಕಲಸಿದೆ. ನಮ್ಮ ಅಡುಗೆಮನೆ ನೆಲಮಾಳಿಗೆಯಲ್ಲಿತ್ತು; ಸಮುದ್ರ ಅತಿಥಿಗಳಿಗೆ ಮಾತ್ರ. ಅಷ್ಟು ವರ್ಷಗಳಲ್ಲಿ ಐದು ಮಂದಿ ಮುಖ್ಯ ಶೆಫ್‌ಗಳು ಬಂದರು. ಬೈದವರಿದ್ದರು, ತಟ್ಟೆ ಎಸೆದವನೂ ಒಬ್ಬನಿದ್ದ. ಅವರ ಮೇಲೆಲ್ಲ ಬಂದ ಸಿಟ್ಟು ಡ್ಯೂಟಿ ಮುಗಿಸಿ ಬಸ್ಸು ಹತ್ತುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಐದನೆಯವನ ಮೇಲಿನದು ಮಾತ್ರ ಇನ್ನೂ ಇಳಿದಿಲ್ಲ. ಎದುರಿಗಿದ್ದಾಗ ಅವನನ್ನು ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಏಕವಚನವೇ ಬರುತ್ತದೆ. ಬರಲಿ.

ಅವನು ಜರ್ಮನಿಯವನು. ಅವನ ಮನೆತನದ ಹೆಸರು ಬರ್ಲಿನರ್. ಅದೇ ಹೆಸರಿನ ಒಂದು ತಿಂಡಿಯೂ ಇದೆ. ತೂತಿಲ್ಲದ, ದುಂಡಗಿನ, ಒಳಗೆ ಜಾಮ್ ತುಂಬಿ ಮೇಲೆ ಸಕ್ಕರೆ ಪುಡಿ ಉದುರಿಸಿದ ಡೋನಟ್. ನಮ್ಮ ಕರಾವಳಿಯ ಬನ್ಸಿಗೆ ದೂರದ ನೆಂಟ ಎನ್ನಬಹುದು. ಆ ಹೋಟೆಲಿನ ಬೆಳಗಿನ ಬಫೆಗೆ ನಾನು ಹತ್ತಕ್ಕೂ ಹೆಚ್ಚು ವರ್ಷ ಅದನ್ನು ಮಾಡಿದ್ದೇನೆ. ಕಲಿಸಿದವರು ಹಿಂದೆ ಇದ್ದ ಶ್ರೀಲಂಕಾದ ಹಿರಿಯ ಪೇಸ್ಟ್ರಿ ಶೆಫ್. ಅವರು ಜರ್ಮನಿ ನೋಡಿದವರಲ್ಲ. ಆದರೆ ಕರಿದ ಬರ್ಲಿನರಿನ ಹೊರಮೈಯಲ್ಲಿ, ಸೊಂಟದ ಸುತ್ತಲೂ ಒಂದು ಬಿಳಿ ಪಟ್ಟಿ ಉಳಿಯಬೇಕು, ಉಳಿಯದಿದ್ದರೆ ಅದನ್ನು ಅತಿಥಿಗೆ ಕೊಡಬಾರದು ಎಂದು ನನ್ನ ಕೈ ಹಿಡಿದು ತೋರಿಸಿಕೊಟ್ಟಿದ್ದರು.

ಈ ಜರ್ಮನ್ ಶೆಫ್ ಮಾಂಸದ ಕೆಲಸದಲ್ಲಿ ಪಳಗಿದವನು. ಹಿಟ್ಟು ಅವನ ಕೈಗೆ ಒಗ್ಗುತ್ತಿರಲಿಲ್ಲ, ಪೇಸ್ಟ್ರಿ ಕಡೆಗೆ ತಲೆ ಹಾಕುತ್ತಲೂ ಇರಲಿಲ್ಲ. ಅವನ ಹೆಸರಿನ ಮೇಲೆ ಮೊದಲು ಕಣ್ಣು ಹಾಕಿದ್ದು ಮಾರ್ಕೆಟಿಂಗಿನವರು. 'ಬರ್ಲಿನರ್ ಕೈಯ ಬರ್ಲಿನರ್' ಎಂದು ಒಂದು ವಾರದ ಉತ್ಸವ ಮಾಡುವುದೆಂದು ತೀರ್ಮಾನವಾಯಿತು. ಮಾರ್ಕೆಟಿಂಗಿನ ಹುಡುಗಿ ಫೋಟೋಗ್ರಾಫರನ ಜೊತೆ ಕೆಳಗೆ ಬಂದಳು. ನಾನು ಬೆಳಿಗ್ಗೆ ಐದಕ್ಕೇ ಬಂದು ಮಾಡಿಟ್ಟಿದ್ದ ನಲವತ್ತು ಬರ್ಲಿನರ್‌ಗಳ ಟ್ರೇಯನ್ನು ಶೆಫ್ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಭಾಯಿ, ಸ್ವಲ್ಪ ಆಚೆ ನಿಲ್ತೀರಾ? ಫೋಟೋದಲ್ಲಿ ನಿಮ್ಮ ಭುಜ ಬರ್ತಿದೆ" ಎಂದಳು. ನಾನು ಫ್ರಿಜ್ಜಿನ ಪಕ್ಕಕ್ಕೆ ಸರಿದು ನಿಂತೆ. ಹಾಗೆ ಸರಿದದ್ದಕ್ಕೆ ನನ್ನ ಮೇಲೆಯೇ ನನಗೆ ಇವತ್ತಿಗೂ ಸಿಟ್ಟಿದೆ.

ವಾರದ ನಂತರ ಬಣ್ಣದ ಕರಪತ್ರ ಅಚ್ಚಾಗಿ ಬಂತು. ಒಂದನ್ನು ಖೈತಾನ್ ಬಡಾವಣೆಯ ನಮ್ಮ ಮನೆಗೆ ಒಯ್ದೆ. ಎಂಟನೇ ಕ್ಲಾಸಿನ ಮಗಳು ಓದಿ ಹೇಳಿದಳು. ಬರ್ಲಿನರ್ ಮನೆತನದ ಹೆಸರು ಹೊತ್ತ ಹೆಸರುವಾಸಿಗಳ ಪಟ್ಟಿ ಅದರಲ್ಲಿತ್ತು: ಗ್ರಾಮಫೋನಿನ ಚಪ್ಪಟೆ ತಟ್ಟೆ ಕಂಡುಹಿಡಿದವರು ಒಬ್ಬರು, ವಿಜ್ಞಾನ ಪತ್ರಿಕೆ ನಡೆಸಿದ ಭೌತವಿಜ್ಞಾನಿ ಒಬ್ಬರು, ಇತಿಹಾಸಕಾರರು ಒಬ್ಬರು. ಪಟ್ಟಿಯ ಕೊನೆಗೆ ನಮ್ಮ ಶೆಫ್! 'ತಲೆಮಾರುಗಳಿಂದ ಮನೆಯಲ್ಲಿ ಕಾಪಾಡಿಕೊಂಡು ಬಂದ ರುಚಿ' ಎಂದು ಬರೆದಿದ್ದರು.

"ಪಪ್ಪಾ, ವೇರ್ ಈಸ್ ಯುವರ್ ನೇಮ್?" ಎಂದಳು ಮಗಳು.

"ಇಲ್ಲ ಮಗಾ."

"ಬಟ್ ಯೂ ಮೇಕ್ ದಿಸ್!" ಅವಳು ಕರಪತ್ರವನ್ನು ತಿರುಗಿಸಿ ಹಿಂಬದಿಯಲ್ಲೂ ಹುಡುಕಿದಳು. ಹೆಂಡತಿ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ಟಿ.ವಿ.ಯ ಹಿಂದೆ ಇಟ್ಟಳು.

ಮರುದಿನ ಶೆಫ್ ಕೋಣೆಗೆ ಹೋಗಿ ಕೇಳಿಯೇಬಿಟ್ಟೆ. "ಶೆಫ್, ಇದು ನಿಮ್ಮ ಮನೆಯ ರುಚಿಯಾ?"

ಅವನು ನಕ್ಕ. "ನನ್ನ ಅಪ್ಪ ಟ್ರಾಮ್ ರಿಪೇರಿ ಮಾಡುತ್ತಿದ್ದರು. ಶಾಲೆಯಲ್ಲಿ ಹುಡುಗರು ಈ ಹೆಸರು ಹಿಡಿದು ಗೋಳು ಹೊಯ್ಕೊಳ್ತಿದ್ರು. ನನಗೆ ಈ ತಿಂಡಿ ಕಂಡರೇ ಆಗುವುದಿಲ್ಲ. ಬರ್ಲಿನ್ನಿನಲ್ಲಿ ಇದಕ್ಕೆ ಬರ್ಲಿನರ್ ಅಂತ ಹೇಳುವುದೂ ಇಲ್ಲ, ಗೊತ್ತಾ? ಬರ್ಲಿನ್ ಬಿಟ್ಟು ಬೇರೆ ಊರಿಗೆ ಹೋದವನನ್ನು ಅಲ್ಲಿಯವರು ಹಾಗೆ ಕರೆದರು, ಅದೇ ಮನೆತನದ ಹೆಸರಾಯಿತು. ಅಷ್ಟೇ ಕಥೆ."

ನನ್ನ ಪಾಸ್‌ಪೋರ್ಟಿನಲ್ಲೂ ಹೆಸರಿನ ಕೊನೆಗೆ ಇರುವುದು ಕಾರ್ಕಳ ತಾಲ್ಲೂಕಿನ ನಮ್ಮ ಊರಿನ ಹೆಸರೇ. ಊರಲ್ಲಿದ್ದಷ್ಟು ದಿನ ಯಾರೂ ಹಾಗೆ ಕರೆದಿರಲಿಲ್ಲ. ಒಂದು ಗಳಿಗೆ ಅವನ ಬಗ್ಗೆ ಮೆತ್ತಗಾದೆ. ಆ ಗಳಿಗೆಯಲ್ಲೇ ಅವನು ಹೇಳಿದ: "ಬಿಡು, ಇದೆಲ್ಲ ಮಾರ್ಕೆಟಿಂಗ್. ಶುಕ್ರವಾರದ ಬ್ರಂಚಿನಲ್ಲಿ ಅತಿಥಿಗಳ ಎದುರೇ ನಾನು ಕರಿಯಬೇಕಂತೆ. ನೀನು ನನಗೆ ಕಲಿಸು."

ಕಲಿಸಿದೆ. ಎರಡು ದಿನ ಬೆಳಿಗ್ಗೆ ಕಲಿಸಿದೆ. ಅವನ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಜಾಲರಿ. ಎಣ್ಣೆಯ ಕಾವು ಹೆಚ್ಚಾದರೆ ಮೇಲೆ ಬಣ್ಣ ಬಂದುಬಿಡುತ್ತದೆ, ಒಳಗೆ ಬೇಯುವುದಿಲ್ಲ ಎಂದು ಹತ್ತು ಸಲ ಹೇಳಿದೆ. "ಗೊತ್ತು, ಗೊತ್ತು" ಎಂದ.

ಶುಕ್ರವಾರ ಹಾಲ್ ತುಂಬಿತ್ತು. ಹಿಟ್ಟು ಕಲಸಿ, ಉಬ್ಬಿಸಿ, ಉಂಡೆ ಕಟ್ಟಿ ತಂದವನು ನಾನು. ನಾನು ಕೌಂಟರಿನ ಹಿಂದೆ, ಅವನು ಮುಂದೆ. ಎತ್ತರದ ಬಿಳಿ ಟೋಪಿ, ಎದೆಯ ಮೇಲೆ ಹೊಲಿದ ಹೆಸರು. ಸಾಲು ಉದ್ದವಾದಂತೆ ಅವನು ಒಲೆಯ ಉರಿ ಹೆಚ್ಚಿಸಿದ.

"ಬೇಡ ಶೆಫ್, ಎಣ್ಣೆ ತುಂಬಾ ಕಾದಿದೆ."

"ಯಲ್ಲಾ, ಯಲ್ಲಾ! ಜನ ಕಾಯ್ತಿದ್ದಾರೆ."

ಉಂಡೆಗಳು ಎಣ್ಣೆಗೆ ಬಿದ್ದ ಕೂಡಲೇ ಕಂದು ಬಣ್ಣಕ್ಕೆ ತಿರುಗಿದವು. ಬಿಳಿ ಪಟ್ಟಿಯ ಸುಳಿವೇ ಇಲ್ಲ. ಒಂದನ್ನು ತೆಗೆದು ಅವನ ಮುಂದೆಯೇ ಮುರಿದು ತೋರಿಸಿದೆ. ನಡುವೆ ಅಂಟು ಅಂಟಾದ ಹಸಿ ಹಿಟ್ಟು. ಅವನು ನೋಡಿದ. ನೋಡಿ, ಅದನ್ನು ಕೌಂಟರಿನ ಮೇಲಿದ್ದ ಬಟ್ಟೆಯ ಕೆಳಗೆ ತಳ್ಳಿ, ಮುಂದಿನದಕ್ಕೆ ಜಾಮ್ ತುಂಬತೊಡಗಿದ.

ಜನ ತಿಂದರು. ತಿಂದು ಹೊಗಳಿದರು! "ಇದು ಅಸಲಿ ರುಚಿ, ರಕ್ತದಲ್ಲೇ ಬಂದದ್ದು" ಎಂದು ಒಬ್ಬಾತ ಅವನ ಬೆನ್ನು ತಟ್ಟಿದ. ಇನ್ನೊಬ್ಬಳು ಅವನ ಜೊತೆ ಸೆಲ್ಫಿ ತೆಗೆದುಕೊಂಡಳು. ಮಂಡ್ಯ ಕಡೆಯ ನಮ್ಮ ರೆಸ್ಟೋರೆಂಟ್ ಕ್ಯಾಪ್ಟನ್ ಖಾಲಿ ತಟ್ಟೆಗಳನ್ನು ಹಿಡಿದು ಬಂದವನು ನನ್ನ ಕಿವಿಯ ಹತ್ತಿರ, "ಅಣ್ಣ, ಒಳ್ಗೆಲ್ಲಾ ಹಸಿ ಹಿಟ್ಟು ಕಣಣ್ಣ. ಆದ್ರೂ ಸೂಪರ್ ಅಂತವ್ರೆ, ಏನ್ ಜನಾನೋ!" ಎಂದ. ನನ್ನ ಹದಿನೆಂಟು ವರ್ಷಕ್ಕೆ ಯಾರೋ ಎಲ್ಲರೆದುರು ಉಗಿದ ಹಾಗಾಯಿತು. ಬೆಂದದ್ದಕ್ಕೂ ಬೇಯದ್ದಕ್ಕೂ ವ್ಯತ್ಯಾಸವೇ ಇಲ್ಲವೆಂದಾದರೆ ನಾನು ಇಷ್ಟು ವರ್ಷ ಮಾಡಿದ್ದು ಎಂತದ್ದು?

ಆಗ ಒಬ್ಬರು ಕುವೈತಿ ಅಜ್ಜಿ ಪುಟ್ಟ ಮೊಮ್ಮಗಳ ಕೈ ಹಿಡಿದು ಬಂದರು. ಶೆಫ್ ನಗುತ್ತಾ ಮಗುವಿನ ಕೈಗೆ ಒಂದನ್ನು ಇಟ್ಟ. ನನಗೆ ತಡೆಯಲಾಗಲಿಲ್ಲ. ಮುಂದೆ ಬಂದು, ನನ್ನ ಮುರುಕು ಅರಬಿಯಲ್ಲಿ, "ಅಮ್ಮ, ಮಗುವಿಗೆ ಕೊಡಬೇಡಿ, ಒಳಗೆ ಬೆಂದಿಲ್ಲ" ಎಂದೆ. ಅಜ್ಜಿ ಅದನ್ನು ಮುರಿದು ನೋಡಿದರು. ತಟ್ಟೆಯಲ್ಲಿ ಹಾಗೇ ಇಟ್ಟು ಮಗುವನ್ನು ಕರೆದುಕೊಂಡು ಹೋದರು. ನಾನು ಒಲೆ ಆರಿಸಿದೆ. "ಖಲಾಸ್" ಎಂದೆ. ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಎಂದೆ.

ಭಾನುವಾರ ಜನರಲ್ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ಎಚ್ಚರಿಕೆ ಪತ್ರ ಸಿದ್ಧವಾಗಿತ್ತು: ಅತಿಥಿಗಳ ಎದುರು ಮೇಲಧಿಕಾರಿಗೆ ಅವಮಾನ. ಶೆಫ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

"ನಿನ್ನನ್ನು ಬಿಟ್ಟು ಬೇರೆ ಯಾರಾದರೂ ದೂರು ಕೊಟ್ಟರಾ?" ಎಂದರು ಮ್ಯಾನೇಜರ್.

ನಾನು ಶೆಫ್ ಕಡೆ ತಿರುಗಿದೆ. "ನೀವೇ ಹೇಳಿ. ಹಸಿ ಇತ್ತೋ ಇಲ್ಲವೋ? ಒಂದೇ ಮಾತು."

ಅವನು ತನ್ನ ಬೆರಳುಗಳನ್ನು ನೋಡುತ್ತಾ ಹೇಳಿದ: "ಅವತ್ತು ಗಡಿಬಿಡಿ ಬಹಳ ಇತ್ತು."

ನಾನು ಸಹಿ ಹಾಕಲಿಲ್ಲ. ಮಾರನೆಯ ದಿನದಿಂದ ನನ್ನನ್ನು ಪೇಸ್ಟ್ರಿಯಿಂದ ತೆಗೆದು ಸಿಬ್ಬಂದಿ ಕ್ಯಾಂಟೀನಿನ ಬ್ರೆಡ್ಡಿಗೆ ಹಾಕಿದರು. ಮೂರು ತಿಂಗಳು ಅಲ್ಲಿದ್ದೆ. ಅಷ್ಟರಲ್ಲಿ ಸುಲೈಬಿಯಾದ ಒಂದು ಬೇಕರಿ ಕಾರ್ಖಾನೆಯವರು ನನ್ನ ವೀಸಾ ತಮ್ಮ ಕಡೆಗೆ ವರ್ಗಾಯಿಸಿಕೊಳ್ಳಲು ಒಪ್ಪಿದರು. ಹೋಟೆಲಿನವರು ತಕರಾರಿಲ್ಲದೆ ಬಿಟ್ಟುಕೊಟ್ಟರು. ತೊಲಗಿದರೆ ಸಾಕು ಎಂದಿತ್ತೋ ಏನೋ.

ಕೊನೆಯ ದಿನ ಲಾಕರ್ ಖಾಲಿ ಮಾಡುತ್ತಿದ್ದಾಗ ಶೆಫ್ ಬಂದ. ಬಾಗಿಲು ಮುಚ್ಚಿಕೊಂಡು, ದನಿ ತಗ್ಗಿಸಿ, "ನೀನು ಹೇಳಿದ್ದು ಸರಿ ಇತ್ತು. ಕ್ಷಮಿಸು" ಎಂದು ಕೈ ಚಾಚಿದ.

"ಬಾಗಿಲು ತೆಗೆದು ಹೇಳಿ, ಶೆಫ್" ಎಂದೆ.

ಅವನು ನಿಂತ. ಕಾರಿಡಾರಿನಲ್ಲಿ ಜನ ಓಡಾಡುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಅವನು ಬಾಗಿಲು ತೆಗೆದ. ಆದರೆ ಏನೂ ಹೇಳದೆ ಹೊರಟುಹೋದ. ಚಾಚಿದ್ದ ಅವನ ಕೈಯನ್ನು ನಾನು ಹಿಡಿದಿರಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ.

ಈಗ ಸುಲೈಬಿಯಾದಲ್ಲಿ ದಿನವಿಡೀ ಯಂತ್ರದಿಂದ ಉದುರುವ ಬನ್ನುಗಳ ಮುಂದೆ ನಿಲ್ಲುತ್ತೇನೆ. ಹದಿನೈದು ನಿಮಿಷಕ್ಕೊಮ್ಮೆ ಒಂದನ್ನು ಮುರಿದು ಒಳಗೆ ಬೆಂದಿದೆಯೇ ಎಂದು ನೋಡುವುದು ನನ್ನ ಕೆಲಸ. ಬೇಯದಿದ್ದರೆ ಯಂತ್ರ ನಿಲ್ಲಿಸಲು ನನಗೆ ಅಧಿಕಾರ ಕೊಟ್ಟಿದ್ದಾರೆ. ಮೊನ್ನೆ ಆ ಕ್ಯಾಪ್ಟನ್ ಫೋನ್ ಮಾಡಿದ್ದ. ಈ ವರ್ಷವೂ ಉತ್ಸವ ನಡೆಯಿತಂತೆ, ಅದೇ ಫೋಟೋ, ಅದೇ ಕರಪತ್ರ. ಬರ್ಲಿನರ್‌ಗಳನ್ನು ಮಾತ್ರ ಹೊರಗಿನಿಂದ, ಹೆಪ್ಪುಗಟ್ಟಿಸಿದ್ದನ್ನೇ ಪೆಟ್ಟಿಗೆಗಟ್ಟಲೆ ತರಿಸಿ ಬಿಸಿ ಮಾಡಿ ಕೊಟ್ಟರಂತೆ.

"ಬುಡಣ್ಣ, ತಲೆ ಕೆಡಿಸ್ಕಬೇಡ" ಎಂದ ಅವನು.

"ನಾನು ಬಿಡುದಿಲ್ಲ ಮಾರಾಯ" ಎಂದೆ.