ಒಂಬತ್ತನೆಯ ಕಾಗದ

ರಾತ್ರಿ ಎರಡು ಗಂಟೆಯ ಹೊತ್ತಿಗೆ ಕೌದಿಯನ್ನು ಮಗ್ಗುಲು ತಿರುಗಿಸಿದಾಗ ಒಂದು ಸಣ್ಣ ಸದ್ದು ಕೇಳುತ್ತದೆ. ಒಣಗಿದ ಎಲೆಯನ್ನು ಬೆರಳುಗಳ ನಡುವೆ ಹಿಸುಕಿದಂಥ ಸದ್ದು. ಮೈಮೂನತ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು ಫ್ಯಾನ್ ಆರಿಸಿ, ಮತ್ತೆ ಬಂದು ಕಿವಿಗೊಡುತ್ತಾರೆ. ಹೊರಗೆ ಸೌದಿಯ ರಾಸ್ ತನೂರಾದ ತೈಲ ರಿಫೈನರಿಯ ಗುಂಯ್‌ಗುಟ್ಟುವಿಕೆ ಎಂದಿನಂತೆಯೇ ಇದೆ. ಕೌದಿಯ ಅಂಚನ್ನು ಇನ್ನೊಮ್ಮೆ ಮಡಚುತ್ತಾರೆ. ಸದ್ದು ಅಲ್ಲೇ ಇದೆ.

ಈ ಕೆಲಸ ಮಾಡುವವರಿಗೆ ಆ ಸದ್ದಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಳಗೆ ಒಂದು ಕಾಗದ ಉಳಿದುಹೋಗಿದೆ. ಅದು ಯಾವ ಕಾಗದ ಎಂಬುದೂ ಅವರಿಗೆ ಗೊತ್ತು. ಆರು ವಾರಗಳಿಂದ ಅವರು ಹುಡುಕುತ್ತಿರುವುದು ಅದನ್ನೇ. ಅದು ಊರಿನಿಂದ ಮಗಳು ಬರೆದ ಪತ್ರದ ಒಂದು ತುಂಡು. ಅದರಲ್ಲಿ ಮೊಮ್ಮಗಳ ಹೆಸರಿದೆ.

ಇದು ಹೋದ ವರ್ಷದ, ಅಂದರೆ ೧೯೯೬ರ ನವೆಂಬರಿನ ಮಾತು. ಈಗ ಬರೆಯಬಹುದು ಎಂದು ಅವರೇ ಹೇಳಿದ್ದಾರೆ. "ಇವರಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಮಗಳು ಓದಿದ್ರೆ ನಗ್ತಾಳೆ. ಬದ್ರುನ್ನಿಸಾ ಅಕ್ಕ ಓದಿದ್ರೆ ಬೈಯ್ಲಿ, ಒಂದು ವರ್ಷ ಆಯ್ತಲ್ಲ."

ಮೈಮೂನತ್ ಅವರಿಗೆ ನಲವತ್ತೇಳು ವರ್ಷ. ಕಂಪನಿ ನೌಕರರ ಕುಟುಂಬಗಳು ವಾಸಿಸುವ ಕ್ಯಾಂಪಿನಲ್ಲಿ ಮಹಿಳೆಯರ ಹಾಲ್ ಗುಡಿಸಿ ಒರೆಸುವ ಕೆಲಸ. 'ಇವರು' ಎಂದರೆ ಪತಿ ಶಂಸುದ್ದೀನ್. ಅದೇ ಕ್ಯಾಂಪಿನ ಬಸ್ ಚಾಲಕ. ಹಾಲಿನ ಹಿಂದಿನ ಒಂದು ಕೋಣೆಯೇ ಇಬ್ಬರ ಮನೆ. ಬೆಳಗಿನ ನಮಾಜು ಮುಗಿದದ್ದೇ ಮೈಮೂನತ್ ಹಾಲಿನ ಬಾಗಿಲು ತೆರೆಯುತ್ತಾರೆ. ರಾತ್ರಿಯ ಗಾಳಿಗೆ ಕಿಟಕಿಯ ಸಂದಿಯಿಂದ ಒಳಬಂದ ಮರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಇಪ್ಪತ್ತೆರಡು ಕುರ್ಚಿ, ಮೂರು ಉದ್ದ ಮೇಜು, ಎರಡು ಶೌಚಾಲಯ. ಬೆಳಕು ಹರಿದು ಸಮುದ್ರ ಬೂದು ಬಣ್ಣಕ್ಕೆ ತಿರುಗುವಾಗ ಅವರು ಮೂಲೆಯ ಮೇಜಿಗೆ ಬಂದು ಕತ್ತರಿ ಹಿಡಿದಿರುತ್ತಾರೆ. ಗಂಟೆಗೆ ಅರವತ್ತು ಕಾಗದ. ಒಂದು ಕೌದಿಗೆ ಇನ್ನೂರ ನಲವತ್ತು ಸಿದ್ಧವಿರಬೇಕು.

ಪ್ರತಿ ಸೋಮವಾರ ಹತ್ತು ಗಂಟೆಗೆ ಸೇರುವುದು ಕೌದಿಯ ಗುಂಪು. ಅಮೆರಿಕದ ಹೆಂಗಸೊಬ್ಬರು ಶುರು ಮಾಡಿದ್ದಂತೆ. ಕೊಲ್ಲಿ ಯುದ್ಧದ ವರ್ಷ ಅವರು ದೇಶ ಬಿಟ್ಟು ಹೋದಾಗ ಆರು ಮೂಲೆಯ ತಗಡಿನ ಒಂದು ಅಳತೆಯನ್ನೂ ಒಂದು ಡಬ್ಬಿ ಸೂಜಿಯನ್ನೂ ಇಲ್ಲೇ ಬಿಟ್ಟುಹೋದರು. ಅಂದಿನಿಂದ ಗುಂಪನ್ನು ನಡೆಸುತ್ತಿರುವವರು ಭಟ್ಕಳದ ಬದ್ರುನ್ನಿಸಾ. ಕೆಲಸ ಹೀಗೆ: ಆರು ಮೂಲೆಯ ಕಾಗದದ ಮೇಲೆ ಬಟ್ಟೆಯ ತುಂಡಿಟ್ಟು, ಅಂಚುಗಳನ್ನು ಹಿಂದಕ್ಕೆ ಮಡಚಿ, ಮೂಲೆಗೊಂದರಂತೆ ಟಾಕು ಹಾಕಬೇಕು. ಇಂಥ ಏಳನ್ನು, ನಡುವೆ ಒಂದು ಸುತ್ತ ಆರು, ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಒಂದು ಹೂವು. ಹೂವುಗಳನ್ನು ಸೇರಿಸುತ್ತ ಹೋದಂತೆ ಹಿಂದಿನಿಂದ ಕಾಗದಗಳನ್ನು ಎಳೆದು ತೆಗೆದು, ಕೊನೆಗೆ ಹತ್ತಿ ಹಾಸಿ, ಅಡಿಬಟ್ಟೆ ಕೊಟ್ಟು, ಹೂವಿನ ನಡುವೆ ಗಂಟು ಹಾಕುತ್ತಾರೆ.

ಯಾವುದಾದರೂ ಕುಟುಂಬ ಖಾಯಂ ಆಗಿ ಊರಿಗೆ ಹೊರಟಾಗ ಆ ಮನೆಯಾಕೆಗೆ ಗುಂಪಿನಿಂದ ಒಂದು ಕೌದಿ ಕೊಡುವುದು ಇಲ್ಲಿಯ ರೂಢಿ. ಒಬ್ಬೊಬ್ಬರೂ ತಾವು ಉಟ್ಟು ಹಳತಾದ ಬಟ್ಟೆಯಿಂದ ಹೂವು ಮಾಡಿಕೊಡುತ್ತಾರೆ. ಹೂವಿಗೂ ಹೂವಿಗೂ ನಡುವೆ ತುಂಬುವ ಬಿಳಿ ಆರು ಮೂಲೆಗಳು ಮಾತ್ರ ಯಾರ ಹೆಸರಿನವೂ ಅಲ್ಲ. ಅವೆಲ್ಲವೂ ಮೈಮೂನತ್ ಹೊಲಿದವು. ಅವರ ಬಟ್ಟೆಯ ಹೂವನ್ನು ಇದುವರೆಗೆ ಯಾರೂ ಕೇಳಿಲ್ಲ. ಅವರಾಗಿಯೂ ಕೊಡಲು ಹೋಗಿಲ್ಲ. ಆರು ವರ್ಷದಲ್ಲಿ ಹನ್ನೊಂದು ಕೌದಿಗಳು ಅವರ ಕೈಯಿಂದ ಹನ್ನೊಂದು ಊರಿಗೆ ಹೋಗಿವೆ.

"ನಾವು ಮಾತಾಡ್ಲಿಕ್ಕೆ ಬರುದು, ಹೊಲಿಯುದು ಮೈಮೂನಾ," ಎಂದು ಬದ್ರುನ್ನಿಸಾ ನಗುತ್ತಾರೆ. ಆದರೆ ಅವರ ಎರಡು ನಿಯಮಗಳಲ್ಲಿ ನಗುವಿಲ್ಲ. ಒಂದು, ಕಾಗದದ ಮೇಲೆ ಏನು ಬರೆದಿದ್ದರೂ ಓದಬಾರದು. ಇನ್ನೊಂದು, ಕೊನೆಯ ಗಂಟು ಬಿದ್ದ ಮೇಲೆ ಕೌದಿಗೆ ಕತ್ತರಿ ಮುಟ್ಟಿಸಬಾರದು. ಹಿಂದೆ ಒಬ್ಬರು ತಮ್ಮ ಹೂವು ಮೂಲೆಗೆ ಬಿತ್ತೆಂದು ಜಗಳವಾಡಿ ರಾತ್ರೋರಾತ್ರಿ ಬಿಚ್ಚಿದರಂತೆ. ಅಡಿಬಟ್ಟೆ ಹರಿದು, ಹೊರಟವರು ಬರಿಗೈಯಲ್ಲಿ ವಿಮಾನ ಹತ್ತಿದರಂತೆ. ಅಂದಿನಿಂದ, ಕಟ್ಟಿದ ಕೌದಿಯನ್ನು ಬಿಚ್ಚಿದವರು ಮತ್ತೆ ಸೋಮವಾರ ಬರಬೇಕಾಗಿಲ್ಲ.

ಮೊದಲನೆಯ ನಿಯಮಕ್ಕೆ ಕಾರಣವುಂಟು. ಕಾಗದವೆಂದರೆ ಹಳೆಯ ಪತ್ರಗಳೇ. ವಿಮಾನ ಅಂಚೆಯ ಏರೋಗ್ರಾಮಿನ ನೀಲಿ ಹಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಮಡಚಿದಲ್ಲಿ ಗೆರೆ ನಿಲ್ಲುತ್ತದೆ. ಓದಿ ಮುಗಿದ ಪತ್ರಗಳನ್ನು ಎಲ್ಲರೂ ತಂದು ಮೈಮೂನತ್ ಅವರ ಬುಟ್ಟಿಗೆ ಹಾಕುತ್ತಾರೆ. ಒಂದು ಏರೋಗ್ರಾಮಿಗೆ ಆರು ಮೂಲೆಯ ಒಂಬತ್ತು ತುಂಡು. ಮಲಯಾಳಂ, ಉರ್ದು, ಕನ್ನಡ, ಇಂಗ್ಲಿಷ್ ಅಕ್ಷರಗಳೆಲ್ಲ ಅಡ್ಡಾದಿಡ್ಡಿ ತುಂಡಾಗಿ ಸೀರೆ, ಚೂಡಿದಾರದ ಬಟ್ಟೆಯ ಒಳಗೆ ಕೂರುತ್ತವೆ. ಕೆಲಸ ಮುಗಿದ ಮೇಲೆ ಕಾಗದಗಳು ಮತ್ತೆ ಅದೇ ಬುಟ್ಟಿಗೆ. ಮುಂದಿನ ಕೌದಿಗೂ ಬೇಕಲ್ಲ.

ಮೈಮೂನತ್ ಪಾಣೆಮಂಗಳೂರಿನವರು. ಏಳನೆಯ ವಯಸ್ಸಿಗೆ ತಾಯಿಯ ಪಕ್ಕ ಕೂತು ಬೀಡಿ ಎಲೆ ಕತ್ತರಿಸಲು ಕಲಿತವರು. ಅಲ್ಲೂ ತಗಡಿನ ಅಳತೆ, ಅದರ ಸುತ್ತ ಕತ್ತರಿ. ನಾಲ್ಕನೆಯ ತರಗತಿಗೆ ಶಾಲೆ ನಿಂತಿತು, ಕತ್ತರಿ ನಿಲ್ಲಲಿಲ್ಲ. "ಉಮ್ಮ ಹೇಳ್ತಿದ್ರು, ಎಲೆಯನ್ನು ನೋಡ್ಬೇಡ, ಕೈಗೆ ಗೊತ್ತಾಗ್ಬೇಕು ಅಂತ. ಇಲ್ಲಿ ಬಂದು ಆರು ಮೂಲೆ ನೋಡಿದಾಗ ನನಗೆ ಎಂತದೂ ಹೊಸತು ಅನ್ನಿಸ್ಲಿಲ್ಲ. ಎರಡು ಮೂಲೆ ಹೆಚ್ಚು, ಅಷ್ಟೆ."

ನೋಡದೆ ಕತ್ತರಿಸುವ ಆ ಕೈಯೇ ಅವರಿಗೆ ಮುಳುವಾದದ್ದು.

ಮಗಳು ಮಿಸ್ರಿಯಾಳ ಮದುವೆಗೆಂದು ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಮುಗಿದುಹೋಗಿತ್ತು. ಚೊಚ್ಚಲ ಬಾಣಂತನಕ್ಕೆ ತಾಯಿ ಇಲ್ಲ. ಮುಂದಿನ ರಜೆಗೆ ಇನ್ನೂ ಹದಿನಾಲ್ಕು ತಿಂಗಳು. ಮಗಳಿಗೆ ಎಣ್ಣೆ ಹಚ್ಚುವವರು ಯಾರು, ಮಗುವಿನ ತಲೆ ನಿಲ್ಲಿಸಿ ನೀರು ಹೊಯ್ಯುವವರು ಯಾರು ಎಂದು ಲೆಕ್ಕ ಹಾಕುತ್ತ ಆ ತಿಂಗಳುಗಳನ್ನು ಕಳೆದರಂತೆ. ಅಕ್ಟೋಬರಿನ ಒಂದು ಬೆಳಿಗ್ಗೆ ಶಂಸುದ್ದೀನ್ ಅಂಚೆಯಿಂದ ನೀಲಿ ಪತ್ರ ತಂದುಕೊಟ್ಟು ಬಸ್ಸಿಗೆ ಹೋದರು. ಮೈಮೂನತ್ ಮೇಜಿನ ಬಳಿಯೇ ನಿಂತು ಮೊದಲ ಸಾಲುಗಳನ್ನು ಕೂಡಿಸಿ ಓದಿದರು. ಸುಖ ಹೆರಿಗೆ, ಹೆಣ್ಣು ಮಗು. ಅಲ್ಲಿಂದ ಮುಂದೆ ಅಕ್ಷರ ಕಾಣಲಿಲ್ಲ. ಅಷ್ಟರಲ್ಲಿ ಯಾರೋ ಹಾಲಿನ ಬಾಗಿಲು ತಟ್ಟಿದರು. ಉಳಿದದ್ದನ್ನು ರಾತ್ರಿ ನಿಧಾನಕ್ಕೆ ಓದಬೇಕು ಎಂದು ಪತ್ರವನ್ನು ಮೇಜಿನ ಮೇಲಿಟ್ಟು ಹೋದರು. ತಿರುಗಿ ಬಂದು ಹಾಳೆಗಳನ್ನು ಒಟ್ಟುಮಾಡಿ, ತಗಡು ಇಟ್ಟು, ಕತ್ತರಿ ಆಡಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾಗದಗಳು ಪೊಟ್ಟಣಗಳಾಗಿ ಹನ್ನೆರಡು ಮನೆಗಳಿಗೆ ಹೋಗಿಯಾಗಿತ್ತು.

ರಾತ್ರಿ ಮೇಜಿನ ಕೆಳಗೆ ಕತ್ತರಿಸಿ ಉಳಿದ ಚೂರುಗಳಲ್ಲಿ ಮಗಳ ಅಕ್ಷರ ಕಂಡಾಗಲೇ ಗೊತ್ತಾದದ್ದು. ಶಂಸುದ್ದೀನ್ ಚಪ್ಪಲಿ ಬಿಡುತ್ತಲೇ ಕೇಳಿದರು: "ಹೆಸರು ಎಂತ ಇಟ್ರಂತೆ?"

"ಇನ್ನೂ ಇಟ್ಟಿಲ್ಲಂತೆ," ಎಂದುಬಿಟ್ಟರು ಮೈಮೂನತ್.

ಗುಂಪಿನವರನ್ನು ಕೇಳಬಹುದಿತ್ತು. ಆದರೆ ಎಲ್ಲರೂ ತಮ್ಮ ಮನೆಯ ಪತ್ರಗಳನ್ನು ನಂಬಿ ಕೊಡುವುದು ಈಕೆ ಓದುವುದಿಲ್ಲ, ತಪ್ಪುವುದಿಲ್ಲ ಎಂದು. ಪೊಟ್ಟಣ ಬಿಚ್ಚಿ ಅಕ್ಷರ ಹುಡುಕಿಕೊಡಿ ಎಂದು ಯಾವ ಬಾಯಿಂದ ಕೇಳುವುದು? ಒಂದು ಶುಕ್ರವಾರ ಊರಿನ ಅಂಗಡಿಗೆ ಫೋನ್ ಹಚ್ಚಿ ಮಗಳನ್ನು ಕರೆಸಿದರು. ಪಾಪು ಹೇಗಿದ್ದಾಳೆ ಎಂದರು, ನಗುತ್ತಾಳಾ ಎಂದರು. ಮಗಳು ಬರೆದು ಕಳಿಸಿದ ಹೆಸರನ್ನು ಮತ್ತೆ ಕೇಳಲು ಬಾಯಿ ಬರಲಿಲ್ಲ. ಮಗಳೂ ಪಾಪು, ಪಾಪು ಎಂದೇ ಮಾತಾಡಿದಳು. ಮುಂದೆ ಬಂದ ಪತ್ರದಲ್ಲಿಯೂ ಪಾಪು ಎಂದೇ ಇತ್ತು.

ಹಾಗಾಗಿ ಕಾಯಲು ತೊಡಗಿದರು. ಸೋಮವಾರಕ್ಕೆ ನಾಲ್ಕೈದರಂತೆ ಹೂವುಗಳು ಬಂದವು. ಹಿಂದಿನಿಂದ ಕಾಗದ ಎಳೆಯುವ ಕೆಲಸವೂ ಅವರದೇ. ನೀಲಿ ಕಂಡಾಗಲೆಲ್ಲ ಬೆರಳು ತಡೆಯುತ್ತಿತ್ತು. ಮೊದಲ ತುಂಡು ಸಿಕ್ಕಿದ್ದು ಬದ್ರುನ್ನಿಸಾ ಅವರ ಹಸಿರು ಹೂವಿನಲ್ಲಿ, 'ಎರಡೂವರೆ ಕಿಲೋ' ಎಂದು. ಇನ್ನೊಂದು ಗುಂಪಿನ ಮತ್ತೊಬ್ಬರ ಸೀರೆಯ ಹೂವಿನಲ್ಲಿ, 'ಮೂಗು ಮಾತ್ರ ನಿಮ್ಮದೇ' ಎಂದು. ಹೀಗೆ ಸಿಕ್ಕ ಎಂಟು ತುಂಡುಗಳನ್ನು ತಮ್ಮ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಟ್ಟರು. 'ನಿಮ್ಮನ್ನು ಕೇಳದೆ ಹೆಸರು ಇಟ್ಟೆವು ಉಮ್ಮ, ಬೇಸರ ಮಾಡಬೇಡಿ, ನಿಮಗೆ ಖುಷಿ ಆಗಬಹುದು ಅಂತ' ಎಂಬಲ್ಲಿಗೆ ಅಂಚು. ಅದರ ಮುಂದೆ ಆರು ಮೂಲೆಯ ಖಾಲಿ ಜಾಗ.

ಆ ಕೌದಿ ಗುಂಪಿನ ಜ್ಯೋತ್ಸ್ನಾ ಎಂಬವರಿಗೆಂದು ಹೊಲಿದದ್ದು. ಪತಿ ರಘುನಂದನ್ ಅವರ ಕರಾರು ಮುಗಿದು ಮೈಸೂರಿಗೆ ಹೊರಟಿದ್ದರು. ಕೊನೆಯ ಗಂಟನ್ನು ಬದ್ರುನ್ನಿಸಾ ಸಂಜೆ ಹಾಕಿ ಹೋಗಿದ್ದರು. ಅಂಚಿನ ಪಟ್ಟಿ ಹೊಲಿದು ಬೆಳಿಗ್ಗೆ ಹತ್ತಕ್ಕೆ ಸಿದ್ಧಮಾಡುವುದು ಮಾತ್ರ ಮೈಮೂನತ್ ಅವರ ಪಾಲಿನ ಕೆಲಸ.

ಈಗ ಅವರು ಕೌದಿಯ ಮೇಲೆ ಕಿವಿ ಇಟ್ಟು ಒಂದೊಂದೇ ಆರು ಮೂಲೆಯನ್ನು ಹೆಬ್ಬೆರಳಲ್ಲಿ ತೀಡುತ್ತಾ ಹೋಗುತ್ತಾರೆ. ಹೂವುಗಳು ಮೌನ. ಸದ್ದು ಬರುವುದು ಅಂಚಿಗೆ ಹತ್ತಿರದ ಒಂದು ಬಿಳಿಯಿಂದ. ಅದು ಹಂಚಿ ಉಳಿದ ಕಾಗದದಲ್ಲಿ ಅವರೇ ಹೊಲಿದದ್ದು. ಬೇರೆಯವರ ಹೂವುಗಳಲ್ಲಿ ಹುಡುಕುವ ಆತುರದಲ್ಲಿ ತಮ್ಮ ಬಿಳಿಯನ್ನು ಸರಿಯಾಗಿ ನೋಡಿರಲೇ ಇಲ್ಲ.

ಕತ್ತರಿ ಕೈಗೆ ತೆಗೆದುಕೊಳ್ಳುತ್ತಾರೆ. ಕೆಳಗಿಡುತ್ತಾರೆ. ಈ ಸೋಮವಾರಗಳು ಹೋದರೆ ಉಳಿಯುವುದು ಇಪ್ಪತ್ತೆರಡು ಕುರ್ಚಿ ಮತ್ತು ಒದ್ದೆ ಬಟ್ಟೆ. ಬಿಡುವುದಾದರೆ ಬೆಳಗಾದ ಮೇಲೆ ಹೆಸರು ಇನ್ನೊಬ್ಬರ ಪೆಟ್ಟಿಗೆಯಲ್ಲಿ ವಿಮಾನ ಹತ್ತುತ್ತದೆ. ಗಂಡ ಮಗ್ಗುಲು ಬದಲಿಸುವುದು ಕೇಳುತ್ತದೆ. ಮತ್ತೆ ನಿದ್ದೆಯ ಉಸಿರು.

ಕೊನೆಗೆ ಕತ್ತರಿ ಮುಟ್ಟುವುದಿಲ್ಲ. ಸೂಜಿಯ ತುದಿಯಿಂದ ಒಂದೊಂದೇ ಟಾಕು ಎಬ್ಬಿಸಿ, ದಾರ ಕಡಿಯದೆ ಸಡಿಲಿಸಿ, ಎರಡು ಬದಿ ತೆರೆಯುತ್ತಾರೆ. ಅರ್ಧ ಗಂಟೆ ಹಿಡಿಯುತ್ತದೆ. ಹೇರ್‌ಪಿನ್ನಿನಲ್ಲಿ ಮೆಲ್ಲನೆ ಎಳೆದಾಗ ನೀಲಿ ಕಾಗದ ಹೊರಗೆ ಬರುತ್ತದೆ. ದೀಪಕ್ಕೆ ಹಿಡಿದು ಓದುತ್ತಾರೆ. 'ರಾಬಿಯಾ ಎಂದು.'

ರಾಬಿಯಾ ಎಂದರೆ ಮೈಮೂನತ್ ಅವರ ತಾಯಿ. ಎಲೆಯನ್ನು ನೋಡಬೇಡ ಎಂದವರು.

ಪೆಟ್ಟಿಗೆಯ ಮುಚ್ಚಳದಲ್ಲಿ ಖಾಲಿ ಜಾಗ ಕಾದಿತ್ತು. ಎದ್ದು ಅಂಟಿಸಿದರೆ ಪತ್ರ ಪೂರ್ತಿಯಾಗುತ್ತಿತ್ತು. ಆದರೆ ಮೈಸೂರಿನಿಂದ ಹೊರಡುವ ಮಂಗಳೂರು ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟಿಯೇ ಹೋಗುತ್ತದೆ ಎಂಬುದು ಯಾಕೋ ಆಗ ನೆನಪಾಯಿತಂತೆ. "ನನಗೆ ಹೋಗ್ಲಿಕ್ಕೆ ಆಗುದಿಲ್ಲ. ಹೆಸರಾದ್ರೂ ಅಷ್ಟು ಹತ್ತಿರ ಹೋಗ್ಲಿ ಅಂತ ಅನ್ನಿಸಿತು. ಹುಚ್ಚು, ಮತ್ತೆಂತ." ಕಾಗದವನ್ನು ಬಿಳಿ ಬಟ್ಟೆಯೊಳಗೆ ಮೊದಲಿದ್ದಂತೆಯೇ ಕೂರಿಸಿ, ಅದೇ ದಾರ, ಅದೇ ತೂತುಗಳಲ್ಲಿ ಎರಡು ಬದಿಗಳನ್ನೂ ಮುಚ್ಚುತ್ತಾರೆ. ಅಂಚಿನ ಪಟ್ಟಿ ಮುಗಿಯುವಾಗ ಮಸೀದಿಯಿಂದ ಬೆಳಗಿನ ಕರೆ ಕೇಳುತ್ತದೆ.

ಹತ್ತು ಗಂಟೆಗೆ ಜ್ಯೋತ್ಸ್ನಾ ಕೌದಿಯನ್ನು ಎದೆಗೊತ್ತಿಕೊಂಡು ಅಳುತ್ತಾರೆ, ಆಮೇಲೆ ತಲೆ ಎತ್ತುತ್ತಾರೆ. "ಮೈಮೂನಮ್ಮ, ಇದೇನು, ಒಳಗೆ ಸರಸರ ಅಂತಿದೆ?"

ಉತ್ತರ ಹೇಳಿದ್ದು ಬದ್ರುನ್ನಿಸಾ. "ಹೊಸ ಅಡಿಬಟ್ಟೆಯ ಗಂಜಿ ಮಾರಾಯ್ತಿ. ಒಂದು ಸಲ ಒಗೆದ್ರೆ ಹೋಗ್ತದೆ."

ಮೈಮೂನತ್ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿರುತ್ತಾರೆ.

ಸಂಜೆ ಶಂಸುದ್ದೀನ್ ಜ್ಯೋತ್ಸ್ನಾ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದು ಚಹಾಕ್ಕೆ ಕೂರುತ್ತಾರೆ. ಆ ಹೆಂಗಸು ಕೌದಿಯನ್ನು ಪೆಟ್ಟಿಗೆಗೆ ಹಾಕದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು ಎನ್ನುತ್ತಾರೆ. ಮೈಮೂನತ್ ಲೋಟ ಮುಂದಿಡುತ್ತಾರೆ.

"ಪಾಪುವಿಗೆ ರಾಬಿಯಾ ಅಂತ ಹೆಸರಿಟ್ಟಿದ್ದಾರೆ."

"ನಿನ್ನ ಉಮ್ಮನ ಹೆಸರು," ಎಂದು ಅವರ ಮುಖ ಅರಳುತ್ತದೆ. ಹೆಸರನ್ನು ಎರಡು ಸಲ ಹೇಳಿ ನೋಡುತ್ತಾರೆ. ಲೋಟ ಬಾಯಿಗೆ ಹೋಗುವ ಮೊದಲು ತಡೆಯುತ್ತದೆ. ಅಂಚೆ ತರುವವರು ಅವರೇ. "ಇವತ್ತು ಪತ್ರ ಯಾವುದೂ ಬರ್ಲಿಲ್ಲ ಅಲ್ವಾ?"

ಮೈಮೂನತ್ ಸಕ್ಕರೆ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಒಗೆಯುವ ಮೊದಲು ಆ ಕೌದಿ ಎಷ್ಟು ರಾತ್ರಿ ಸದ್ದು ಮಾಡಬಹುದು ಎಂದು ಅವರು ಯೋಚಿಸುತ್ತಿದ್ದಾರೆ. ಇದನ್ನು ಗಂಡನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಯಾಗಿದೆ.